ಹಿರೇಹಳ್ಳವೂ ಇಸಾಕನ ಬಾವಿಗಳೂ

(ಓದತಕ್ಕ ಭಾಗ: ಆದಿಕಾಂಡ 26:15-22)



ಹುಲಿಗಿಯ ನಮಗೆ ನೀರೆಂದರೆ ತುಂಗಭದ್ರೆ. 1953ರಿಂದ ಅದರ ದೊಡ್ಡ ಅಣೆಕಟ್ಟು ನಮ್ಮ ನೆರೆಯಲ್ಲಿಯೇ ನಿಂತಿರುತ್ತದೆ. ಆದರೆ ಈಗ ನಾನು ನುಡಿಯುವದು ಹಿರೇಹಳ್ಳವನ್ನು ಕುರಿತು. ಯಲಬುರ್ಗಾ ಸೀಮೆಯಿಂದ ಇಳಿದು, ಕಿನ್ನಾಳದ ಹತ್ತಿರ ಕಟ್ಟೆಗೆ ನಿಂತು, ಕೊಪ್ಪಳದ ಮಗ್ಗುಲಾಗಿ ತುಂಗಭದ್ರೆಗೆ ಹೋಗುವ ಈ ಹಳ್ಳವನ್ನು ನೀವು ಬಲ್ಲಿರಿ. ಅದು ಜಾಲಿಮುಳ್ಳಿನಿಂದಲೂ ಹೂಳಿನಿಂದಲೂ ಊರ ಕೊಳೆಯಿಂದಲೂ ಮುಚ್ಚಿಹೋಗಿತ್ತು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ತಾವೇ ಹಳ್ಳಕ್ಕಿಳಿದು ಕಸ ಎತ್ತಿದರು. ಹಳ್ಳಿಯ ಜನರು ಅವರೊಡನೆ ದುಡಿದರು. ಹಳ್ಳವು ಮತ್ತೆ ಹರಿಯಿತು.

ಫಿಲಿಷ್ಟಿಯರು ಅಬ್ರಹಾಮನ ಬಾವಿಗಳಲ್ಲಿ ಮಣ್ಣು ತುಂಬಿದ್ದರು. ಇಸಾಕನು ಅವನ್ನು ತಿರಿಗಿ ಅಗೆಯಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟನು. ಮೂಲ ಊಟೆಗಳು ಬತ್ತಿರಲಿಲ್ಲ; ಮುಚ್ಚಿದ್ದವು, ಅಷ್ಟೇ.

“ಅದು ಮಠದವರ ಕೆಲಸ, ನಮಗೇನು?” ಎಂದು ನಮ್ಮಲ್ಲಿ ಕೆಲವರು ಅನ್ನಬಹುದು. ಗಾಯಪಟ್ಟವನನ್ನು ಎತ್ತಿದವನು ಸಮಾರ್ಯದವನೆಂದು ನಮ್ಮ ಸ್ವಾಮಿಯೇ ಹೇಳಿದ್ದಾನಲ್ಲಾ. ಯಾಜಕನು ಪಕ್ಕದಲ್ಲಿ ಹಾದುಹೋದನು. ಇದನ್ನು ಬರೆಯುವಾಗ ಉಪದೇಶಿಯಾದ ನನಗೆ ನಾಚಿಕೆಯಾಗುತ್ತದೆ.

ಬೇರೊಂದು ಮಾತು ಇದಕ್ಕಿಂತ ಕಠಿಣವಾದದ್ದು. ನಮ್ಮ ಅಜ್ಜಿಯಂದಿರು ಊರವರ ಮಡುವಿನಲ್ಲಿ ಕೊಡ ಮುಳುಗಿಸುವಂತಿರಲಿಲ್ಲ. ಕೆಳಗಡೆ ಮರಳಿನಲ್ಲಿ ವರತಿ ತೋಡಿ, ಜಿನುಗಿದ ನೀರನ್ನು ಚಿಪ್ಪಿನಿಂದ ಎತ್ತಿ ಎತ್ತಿ ತುಂಬುತ್ತಿದ್ದರು. ನೀರು ಕೊಡದವರ ಹಳ್ಳಕ್ಕೆ ನಾವೇಕೆ ಬೆವರು ಸುರಿಸಬೇಕೆಂಬ ಮಾತು ವ್ಯರ್ಥವಾದದ್ದಲ್ಲ; ಅದರಲ್ಲಿ ನೋವಿದೆ.

ಇಸಾಕನಿಗೂ ಗೆರಾರಿನ ದನಕಾಯುವವರು ನೀರು ತಮ್ಮದೆಂದು ವಾದಿಸಿದರು. ಅವನು ಆ ಬಾವಿಗೆ ಏಸೆಕ್, ಅಂದರೆ ಜಗಳ, ಎಂದೂ ಎರಡನೆಯದಕ್ಕೆ ಸಿಟ್ನಾ, ಅಂದರೆ ಹಗೆ, ಎಂದೂ ಹೆಸರಿಟ್ಟನು. ನೋಡಿರಿ, ನಡೆದ ಅನ್ಯಾಯವನ್ನು ಮರೆಮಾಡಲಿಲ್ಲ. ಅದರ ಹೆಸರನ್ನು ಬಾವಿಯ ಮೇಲೆಯೇ ಇಟ್ಟನು. ಆದರೂ ಗುದ್ದಲಿಯನ್ನು ಕೆಳಗಿಡಲಿಲ್ಲ. ಮೂರನೆಯ ಬಾವಿಗೆ ಜಗಳವಿರಲಿಲ್ಲ. ಅದಕ್ಕೆ ರೆಹೋಬೋತ್ ಎಂದು ಕರೆದನು. ವಿಶಾಲವಾದ ಸ್ಥಳ ಎಂಬುದು ಅದರ ಭಾವ. ನಮ್ಮ ಅಜ್ಜಿಯಂದಿರ ವರತಿಯ ಕಥೆಯನ್ನು ಮಕ್ಕಳಿಗೆ ಹೇಳಿರಿ, ಮುಚ್ಚಿಡಬೇಡಿರಿ.

ಮಳೆಗಾಲ ಕಳೆದರೆ ಹಳ್ಳದಲ್ಲಿ ಜಾಲಿ ಮತ್ತೆ ಚಿಗುರುವದು. ನಿಮ್ಮ ಊರ ಹಳ್ಳದ ಮುಳ್ಳು ಕಡಿಯಲು ಡಂಗುರ ಹೊಡೆದ ದಿನ, ಸಭೆಯ ಹಿರಿಯರೇ, ಕರೆಯದಿದ್ದರೂ ಹೋಗಿರಿ. ಕೊಡಲಿಯನ್ನೂ ಬುಟ್ಟಿಯನ್ನೂ ನಿಮ್ಮವೇ ಒಯ್ಯಿರಿ. ಮಧ್ಯಾಹ್ನದ ರೊಟ್ಟಿಯನ್ನು ಎಲ್ಲರ ನಡುವೆ ಕೂತು ಬಿಚ್ಚಿರಿ.