ಭಾನುವಾರದ ವಿಶ್ರಾಂತಿ ಯಾರದು?

ಭಾನುವಾರ ಪೂಜೆ ಮುಗಿಸಿ ಮಕ್ಕಳೊಂದಿಗೆ ಬೇಕಲಕ್ಕೆ ಹೋಗುವುದು ನಮ್ಮಲ್ಲಿ ಹಲವರ ರೂಢಿ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಪಕ್ಕದಲ್ಲೇ ಕಡಲತೀರದ ಪಾರ್ಕು. ರಜೆಯ ದಿನವೇ ಅಲ್ಲಿ ಜನ ಹೆಚ್ಚು, ಕೆಲಸವೂ ಹೆಚ್ಚು. ಟಿಕೆಟ್ ಕೊಡುವವರು, ನೀರಿಗಿಳಿಯುವ ಹುಡುಗರತ್ತ ಸೀಟಿ ಊದುವವರು, ನಾವು ಬಿಸಾಡಿದ ಕಡಲೆ ಪೊಟ್ಟಣ ಹೆಕ್ಕುವ ಹೆಂಗಸರು ಇವರ ವಿಶ್ರಾಂತಿ ಯಾವಾಗ? ವಿಮೋಚನಕಾಂಡದ 20ನೇ ಅಧ್ಯಾಯ ಯಜಮಾನನಿಗೆ ಮಾತ್ರ ಬಿಡುವು ಹೇಳಿಲ್ಲ. ಆಳು, ಪರದೇಶಿ, ದನಕರುಗಳನ್ನೂ ಸೇರಿಸಿದೆ.

ಹಾಗಾದರೆ ಹೋಗಲೇಬಾರದೇ? ಹೋಗದಿದ್ದರೆ ಅವರ ಕೂಲಿಗೇ ಕುತ್ತು. ಕಸವನ್ನು ಚೀಲದಲ್ಲಿ ಮನೆಗೆ ತರಬಹುದು (ಮನೆಯಲ್ಲಿ ಅದನ್ನು ಎತ್ತುವವಳು ಅಮ್ಮನೇ, ಅದು ಬೇರೆ ಮಾತು). ವಾರದಲ್ಲಿ ಬೇರೊಂದು ದಿನ ಇವರಿಗೆ ಸಂಬಳಸಹಿತ ರಜೆ ಇದೆಯೇ ಎಂದು ನಡೆಸುವವರನ್ನು ಕೇಳಬಹುದು. ಟಿಕೆಟ್ ಕೊಂಡವರು ಕೇಳಿದರೆ ಕಿವಿಗೊಟ್ಟಾರು.