ಗುತ್ತಿಗೆಯ ಹಣವೂ ಹಿಂಸೆಯ ಪಾಲೂ

ಕಳೆದ ಏಕಾದಶಿಯಂದು ಪ್ರವಚನ ಮುಗಿದ ಬಳಿಕ ಡೊಂಬಿವಲಿಯ ಬಂಧುಗಳೊಬ್ಬರು ನಮ್ಮ ಬಳಿ ಕುಳಿತು ಒಂದು ಸಂದೇಹವನ್ನು ನಿವೇದಿಸಿದರು. ಕಾರ್ಕಳದ ಕಡೆ ಅವರಿಗೆ ಪಿತ್ರಾರ್ಜಿತ ಭೂಮಿಯಿದೆ. 1974ರ ಭೂಸುಧಾರಣೆಯಲ್ಲಿ ಚಾಲಗೇಣಿಯ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ ಉಳಿದದ್ದು ಮನೆಯ ಹಿಂದಿನ ತೋಟ ಮತ್ತು ಗುಡ್ಡ. ಬಹುಕಾಲದಿಂದ ಅಲ್ಲಿ ದೀಪ ಹಚ್ಚುವವರಿಲ್ಲ. ಈಗ ಕೆಲವರು ಬಂದು, ರಾತ್ರಿಯ ಹೊತ್ತು ಕಾಡುಹಂದಿ ಹಿಡಿಯಲು ಆ ಗುಡ್ಡವನ್ನು ಬಿಟ್ಟುಕೊಟ್ಟರೆ ವರ್ಷಕ್ಕೆ ಇಂತಿಷ್ಟು ಹಣವೆಂದು ಹೇಳಿದ್ದಾರೆ. "ರಾಯರೇ, ಕೊಲ್ಲುವವರು ಅವರು, ತಿನ್ನುವವರು ಅವರು. ನಾವು ಇಲ್ಲಿರುವವರು. ನಮಗೆ ದೋಷವುಂಟೇ?" ಎಂಬುದು ಅವರ ಪ್ರಶ್ನೆ.

ಮೊದಲು ರಾಜಶಾಸನದ ಮಾತನ್ನು ಮುಗಿಸೋಣ. ಅಮೆರಿಕದ ಟೆಕ್ಸಾಸಿನಲ್ಲಿ ಭೂಮಾಲಿಕರು ಬೇಟೆಗಾರರಿಗೆ ಭೂಮಿಯನ್ನು ಗುತ್ತಿಗೆ ಕೊಡುವುದು ನ್ಯಾಯಸಮ್ಮತವಾದ ವ್ಯವಹಾರ. ನಮ್ಮಲ್ಲಿ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಬೇಟೆಯನ್ನು ನಿಷೇಧಿಸಿದೆ. ಗುಂಡು ಹೊಡೆಯುವುದಷ್ಟೇ ಬೇಟೆಯಲ್ಲ; ಉರುಳು ಒಡ್ಡುವುದು, ವಿಷವಿಡುವುದು, ಅವುಗಳಿಗೆ ಯತ್ನಿಸುವುದು ಕೂಡ ಬೇಟೆಯೇ. ಬೆಳೆ ಹಾಳುಮಾಡುವ ಮೃಗವನ್ನು ಕೊಲ್ಲಲು ಅಧಿಕಾರಿಗಳ ಅನುಮತಿ ಬೇಕು. ಗಡಿಯಾಚೆಯ ಕಾಸರಗೋಡಿನಲ್ಲಿಯೂ, 2022ರಲ್ಲಿ ಕೇರಳ ಸರಕಾರವು ಈ ಅಧಿಕಾರವನ್ನು ಪಂಚಾಯಿತಿಯ ಮುಖ್ಯಸ್ಥರಿಗೆ ಕೊಟ್ಟಿತಾದರೂ, ಕೊಂದ ಹಂದಿಯನ್ನು ಹೂಳಬೇಕೇ ಹೊರತು ತಿನ್ನುವಂತಿಲ್ಲ. ನಿಷೇಧ ಮೀರಿ ಕೊಂದ ಮೃಗ 39ನೆಯ ಕಲಮಿನಂತೆ ಸರಕಾರದ ಸ್ವತ್ತು. ಗುಡ್ಡದಲ್ಲಿ ಕುಮ್ಕಿಯ ಭಾಗವಿದ್ದರಂತೂ ಅದು ಸರಕಾರದ ನೆಲ. ವರ್ಗದಾರನಿಗೆ ಸೊಪ್ಪುಸೌದೆಯ ಸವಲತ್ತು ಮಾತ್ರ. ಮೃಗವೂ ನಮ್ಮದಲ್ಲ, ನೆಲವೂ ಪೂರ್ತಿ ನಮ್ಮದಲ್ಲ. ಹಾಗಿರುವಾಗ ನಾವು ಮಾರುತ್ತಿರುವುದು ಏನನ್ನು? ಕಣ್ಣು ಮುಚ್ಚಿಕೊಂಡಿರುವುದನ್ನು ಮಾತ್ರ.

ಬಂಧುಗಳು ಓದಿದವರು, ವನಪರ್ವದ ಧರ್ಮವ್ಯಾಧನನ್ನು ಮುಂದೆ ತಂದರು. ಆತನೂ ಅನ್ಯರು ಕೊಂದ ಹಂದಿ ಕೋಣಗಳ ಮಾಂಸವನ್ನು ಮಾರುತ್ತಿದ್ದನಲ್ಲವೇ, ತಾನಾಗಿ ಕೊಲ್ಲಲಿಲ್ಲವಲ್ಲ ಎಂದರು. ನಿಜ. ಆದರೆ ಆತ ಅದರಿಂದ ತಾನು ನಿರ್ದೋಷಿಯೆಂದು ಹೇಳಿಕೊಳ್ಳಲಿಲ್ಲ. ತನ್ನ ವೃತ್ತಿ ಘೋರವೆಂದೇ ಒಪ್ಪಿ, ಅದು ಪೂರ್ವಕರ್ಮದ ಫಲವೆಂದು ಹೊತ್ತುಕೊಂಡನು. ಅದು ಆತನಿಗೆ ಕುಲದಿಂದ ಬಂದ ವೃತ್ತಿ. ಪಿಂಚಣಿಯೂ ಸ್ವಂತ ಫ್ಲ್ಯಾಟೂ ಇರುವವರು ಹೊಸದಾಗಿ ಆರಿಸಿಕೊಳ್ಳುವ ಆದಾಯಕ್ಕೆ ಆತನ ಹೆಸರು ಒದಗದು. ಮನುಸ್ಮೃತಿಯ ಐದನೆಯ ಅಧ್ಯಾಯವಂತೂ ಘಾತಕರನ್ನು ಎಣಿಸುವಾಗ ಮೊದಲು ಹೆಸರಿಸುವುದು ಅನುಮತಿ ಕೊಟ್ಟವನನ್ನು. ಕೊಂದವನ ಸರದಿ ಅನಂತರದ್ದು.

ರೈಲ್ವೆಯಲ್ಲಿ ದುಡಿದ ನಮಗೆ ಇದು ವಿಚಿತ್ರವೆನಿಸಲಿಲ್ಲ. ಲೈನ್ ಕ್ಲಿಯರ್ ಕೊಟ್ಟ ಸ್ಟೇಷನ್ ಮಾಸ್ತರನು ಗಾಡಿಯನ್ನು ನಡೆಸುವುದಿಲ್ಲ. ಆದರೂ ಅಪಘಾತದ ವಿಚಾರಣೆಯಲ್ಲಿ ಅವನ ರಿಜಿಸ್ಟರನ್ನೂ ತರಿಸುತ್ತಾರೆ.

"ಸರ್ವವೂ ಹರಿಯ ಇಚ್ಛೆಯಲ್ಲವೇ" ಎಂಬ ಮಾತೂ ಬಂದಿತು. ಜೀವನ ಕರ್ತೃತ್ವ ಪರಾಧೀನವೆಂಬುದು ನಮ್ಮ ಸಿದ್ಧಾಂತ, ಮಿಥ್ಯೆಯೆಂಬುದಲ್ಲ. ಕರ್ತೃತ್ವವೇ ಇಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೆಲ್ಲಿ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಚಾರ ವಿಸ್ತಾರವಾಗಿ ಬಂದಿದೆ. ಹಣ ಪಡೆಯುವಾಗ ನಾವು ಕರ್ತರು, ದೋಷ ಬಂದಾಗ ಹರಿಯು ಕರ್ತೃ ಎಂಬ ವಿಭಾಗ ಅಲ್ಲಿ ಎಲ್ಲಿಯೂ ಇಲ್ಲ.

ಇಷ್ಟು ಹೇಳಿ ನಾವು ಎದ್ದಿದ್ದರೆ ಸುಲಭವಾಗುತ್ತಿತ್ತು. ಆಗ ಅವರು ಇನ್ನೊಂದು ಸಂಗತಿ ತಿಳಿಸಿದರು. ಗುಡ್ಡ ಕೇಳಲು ಬಂದವರಲ್ಲಿ ಪಕ್ಕದ ಗದ್ದೆಯ ರೈತನೂ ಒಬ್ಬ. ಅವನ ಭತ್ತ, ಗೆಣಸು, ಅಡಿಕೆಯ ಸಸಿ ಒಂದೇ ರಾತ್ರಿಯಲ್ಲಿ ಉತ್ತಂತಾಗುತ್ತವೆ. ಹಂದಿಗಳು ಹಗಲು ಮಲಗುವುದು ಇವರ ಗುಡ್ಡದ ಪೊದೆಗಳಲ್ಲಿ. ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕುಳಿತ ನಮ್ಮಂಥವರು ಬಿಟ್ಟುಬಂದ ಭೂಮಿಯೇ ಹಂದಿಯ ಮನೆಯಾಗಿದೆ. ಅಹಿಂಸೆ ನಮ್ಮದು, ನಷ್ಟ ಅವನದು ಎಂದರೆ ಆ ಅಹಿಂಸೆಯ ಬೆಲೆಯನ್ನು ತೆತ್ತವರು ಯಾರು? ಅವನು ಬೇಸತ್ತು ವಿದ್ಯುತ್ ತಂತಿಯನ್ನು ನೇರವಾಗಿ ಬೇಲಿಗೆ ಕಟ್ಟಿದರೆ ಹಂದಿಯಷ್ಟೇ ಅಲ್ಲ, ಮನುಷ್ಯರೂ ಸಾಯುತ್ತಾರೆ. ಹಂದಿಗೆಂದು ಒಡ್ಡಿದ ತಂತಿಯ ಉರುಳಿನಲ್ಲಿ ಚಿರತೆ ಸಿಕ್ಕಿಕೊಂಡ ಸುದ್ದಿಯನ್ನು ಊರಿನ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಆದುದರಿಂದ ಗುತ್ತಿಗೆ ಬೇಡವೆನ್ನುವವರು ಗುಡ್ಡದ ಪೊದೆ ಕಡಿಸಬೇಕು. ಅವನ ಸೌರಬೇಲಿಯ ಖರ್ಚಿನಲ್ಲಿ ಪಾಲು ಕೊಡಬೇಕು. ಸೌರಬೇಲಿಯ ಮಿಡಿತ ಹಂದಿಯನ್ನು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಹಂದಿಗಳ ಕಾಟ ಅಷ್ಟಕ್ಕೂ ನಿಲ್ಲದಿದ್ದರೆ ಆ ರೈತನ ಅರ್ಜಿಯನ್ನು ಅರಣ್ಯ ಇಲಾಖೆಗೆ ಬರೆದುಕೊಡುವ ಕೆಲಸವನ್ನಾದರೂ ನಾವು ಮಾಡಬಹುದು. ಅದರಿಂದ ಬರುವ ಹಿಂಸೆಯೂ ಹಿಂಸೆಯೇ, ಆದರೆ ಅದು ಲಾಭಕ್ಕಾಗಿ ಮಾಡಿದ್ದಲ್ಲ.

ಬರಬೇಕಾಗಿದ್ದ ಹಣ ತಪ್ಪಿ, ಕೈಯಿಂದಲೇ ಹೋಗುವ ಹಣವಾಯಿತಲ್ಲ ಎಂದು ಬಂಧುಗಳು ನಕ್ಕರು. ಬರುವ ತಿಂಗಳು ಠಾಣೆಯಿಂದ ಮತ್ಸ್ಯಗಂಧಾ ಗಾಡಿಗೆ ಟಿಕೆಟ್ ಮಾಡಿಸಿದ್ದಾರೆ. ಆ ರೈತನೊಡನೆ ಮಾತನಾಡಿ ಬರುತ್ತಾರಂತೆ.