ಯಾರೂ ಕಾಣದ ತಪ್ಪು

ಪೂಲ್ ಆಟ ನಮ್ಮಲ್ಲಿ ಹಲವರಿಗೆ ಅಪರಿಚಿತ. ಬಟ್ಟೆ ಹೊದಿಸಿದ ಮೇಜು, ಆರು ಕುಳಿಗಳು, ಉದ್ದನೆಯ ಕೋಲು, ಒಂದು ಬಿಳಿ ಚೆಂಡು. ‘ನೈನ್ ಬಾಲ್’ ಎಂಬ ಪ್ರಕಾರದಲ್ಲಿ 1ರಿಂದ 9ರವರೆಗೆ ಸಂಖ್ಯೆ ಬರೆದ ಚೆಂಡುಗಳಿರುತ್ತವೆ. ಮೇಜಿನ ಮೇಲೆ ಉಳಿದಿರುವ ಅತಿ ಕಡಿಮೆ ಸಂಖ್ಯೆಯ ಚೆಂಡಿಗೇ ಬಿಳಿ ಚೆಂಡು ಮೊದಲು ತಗಲಬೇಕು. ತಪ್ಪಿದರೆ ಫೌಲ್. ಆಗ ಎದುರಾಳಿ ಬಿಳಿ ಚೆಂಡನ್ನು ತನಗೆ ಬೇಕಾದಲ್ಲಿ ಇಟ್ಟು ಹೊಡೆಯಬಹುದು. ಒಂದು ಫೌಲ್ ಎಂದರೆ ಎಷ್ಟೋ ಸಲ ಆಟವೇ ಕೈಬಿಟ್ಟಂತೆ.

ಸಣ್ಣ ಪಂದ್ಯಾವಳಿಗಳಲ್ಲಿ ಮೇಜಿಗೊಬ್ಬ ರೆಫರಿ ಇರುವುದು ಅಪರೂಪ. ಒಬ್ಬ ಹೊಡೆಯುವಾಗ ಕಾದು ನಿಂತ ಎದುರಾಳಿಯೇ ರೆಫರಿ. ಮುಂದಿನ ಹೊಡೆತಕ್ಕೆ ಮೊದಲು ಅವನು ‘ಫೌಲ್’ ಎನ್ನದಿದ್ದರೆ, ಫೌಲ್ ಆಗಲೇ ಇಲ್ಲವೆಂದು ನಿಯಮ ಭಾವಿಸುತ್ತದೆ.

ಈಗ ಯೋಚಿಸಿ. ಪಂದ್ಯ ಸಮಸಮ, ಕೊನೆಯ ಆಟ. ಬಿಳಿ ಚೆಂಡಿಗೂ ಗುರಿಯ ಚೆಂಡಿಗೂ ನಡುವೆ ಬೆರಳಗಲದ ಅಂತರವೂ ಇಲ್ಲ. ಹೊಡೆದಾಗ ಕೋಲು ಬಿಳಿ ಚೆಂಡಿಗೆ ಎರಡು ಸಲ ತಗಲಿತು. ಅದು ಫೌಲ್. ಕಣ್ಣಿಗೆ ಕಾಣದಷ್ಟು ಬೇಗ ನಡೆದುಹೋಯಿತು. ಆದರೆ ಹೊಡೆದವನ ಕೈಗೆ ಗೊತ್ತು. ಎದುರಾಳಿ ಸುಮ್ಮನಿದ್ದಾನೆ. ಏನು ಮಾಡಬೇಕು?

‘ಅವನೇ ಹೇಳಲಿಲ್ಲ, ನಾನೇಕೆ ಹೇಳಲಿ?’ ಎನ್ನುವುದು ಸುಲಭ. ಆದರೆ ಆ ನಿಯಮ ಇರುವುದು ಜಗಳ ಮುಗಿಸಲು, ಸುಳ್ಳನ್ನು ನಿಜ ಮಾಡಲು ಅಲ್ಲ. ನೋಡಿದವರಿಲ್ಲವೆಂದು ತಪ್ಪು ಅಳಿಯುವುದಿಲ್ಲ. ಆತ್ಮಸಾಕ್ಷಿ ನೋಡಿದೆ.

ಇದರ ಇನ್ನೊಂದು ಮುಖವೂ ಉಂಟು. ಎದುರಾಳಿಯ ತಪ್ಪನ್ನು ಕಂಡವನು ‘ಪಾಪ, ಹೋಗಲಿ’ ಎಂದು ಬಿಡುವುದು ಕರುಣೆಯೇ? ಗೆಳೆಯನಿಗೆ ಬಿಟ್ಟು, ಅಪರಿಚಿತನಿಗೆ ಹಿಡಿದರೆ ಅದು ಪಕ್ಷಪಾತ. ಪಂದ್ಯಾವಳಿಯಲ್ಲಿರುವ ಉಳಿದವರಿಗೂ ಅನ್ಯಾಯ. ಶಾಂತವಾಗಿ ‘ಫೌಲ್’ ಎನ್ನುವುದು ದ್ವೇಷವಲ್ಲ. ಹಾಗೆಂದು ಹೊಂಚು ಹಾಕುವುದೂ ಸಲ್ಲದು. ನೈನ್ ಬಾಲ್‌ನ ರೂಢಿಯ ನಿಯಮದಂತೆ ಸತತ ಮೂರು ಫೌಲ್ ಮಾಡಿದವನು ಆ ಆಟ ಸೋಲುತ್ತಾನೆ; ಆದರೆ ಎರಡನೆಯದಾದ ಮೇಲೆ ಅವನಿಗೆ ಎಚ್ಚರಿಕೆ ಕೊಟ್ಟಿರಲೇಬೇಕು. ನೋಡಿ, ಕರುಣೆ ನಿಯಮದ ಒಳಗೇ ಇದೆ!

ಪೂಲ್‌ನ ಸೋದರ ಆಟವಾದ ಸ್ನೂಕರ್‌ನಲ್ಲಿ, 2023ರ ಜೂನ್ ತಿಂಗಳಲ್ಲಿ, ಪಂದ್ಯಗಳಲ್ಲಿ ಮೋಸ ಮತ್ತು ಅದಕ್ಕೆ ಸಂಬಂಧಿಸಿದ ತಪ್ಪುಗಳಿಗಾಗಿ ಚೀನಾದ 10 ಆಟಗಾರರಿಗೆ ನಿಷೇಧ ಹೇರಲಾಯಿತು. ಅವರಲ್ಲಿ ಇಬ್ಬರಿಗೆ ಆಜೀವ ನಿಷೇಧ. ಶಿಕ್ಷೆ ಬೇಕು, ನಿಜ. ಆದರೆ ಅದು ಮುಟ್ಟುವುದು ಸಿಕ್ಕಿಬಿದ್ದ ತಪ್ಪನ್ನು ಮಾತ್ರ. ಕೈಗಷ್ಟೇ ಗೊತ್ತಾದ ಫೌಲನ್ನು ಯಾವ ಮಂಡಳಿ ಹಿಡಿದೀತು?

ಆ ಪಾಠ ಮನೆಯಲ್ಲೇ ಆಗಬೇಕು. ಭಾನುವಾರ ಸಂಜೆ ಮಕ್ಕಳೊಂದಿಗೆ ಕೇರಂ ಆಡುತ್ತೇವೆ. ಅಂಗಿಯ ತೋಳು ತಗಲಿ ಕಾಯಿಯೊಂದು ಜರುಗಿತು, ಮಕ್ಕಳು ನೋಡಲಿಲ್ಲ. ಆಗ ಅಪ್ಪ ತಾನಾಗಿ, ‘ನನ್ನ ಕೈ ತಾಗಿತು ಮಗಾ, ಈಗ ನಿನ್ನ ಸರದಿ’ ಎನ್ನಲಿ. ಆ ಆಟ ಅವನು ಸೋತಾನು. ಮಗು ಮಾತ್ರ ಆ ಮಾತನ್ನು ಮರೆಯದು.